ವಾರದ ವಿಷ್ಯ ಕೊಡಕ್ಕೆ ಅವರ್ಯಾರು?

ಅಕ್ಕದೀರ, ಚಿಕ್ಕವ್ವದೀರ, ಎದುರ್ಮನೆ ಪಕ್ಕದ್ಮನೆಯೋರೆ, ಈ ಸಲ ಅಡುಗೆ ವಿಚಾರ ಬರೀತಿಲ್ಲ. ಹೋದ ಸಲ ಬಸ್ಸಾರಿಗೆ ಕಾಳು ಎಷ್ಟು ಬೇಯ್ಬೇಕು ಅಂತ ಬರ್ದಿದ್ದಕ್ಕೆ ಮಳವಳ್ಳಿ ಕಡೆಯೋರೂ ಮದ್ದೂರು ಕಡೆಯೋರೂ ಕಿತ್ತಾಡಿದ್ದು ಸಾಕು. ಈ ಸಲ ನಾನೇ ಜಗಳಕ್ಕೆ ನಿಂತಿವ್ನಿ. ಯಾರ ಮ್ಯಾಲೆ ಅಂದ್ರೆ, ವಾರಕ್ಕೊಂದು ವಿಷ್ಯ ಕೊಟ್ಟು "ಇದರ ಮ್ಯಾಲೆ ಫೋಟೋ ತೆಗೀರಿ" ಅಂತರಲ್ಲ, ಆ ಚಾಲೆಂಜ್ ಮ್ಯಾಲೆ. ಮೊದಲ್ನೇ ಏಟು ಬೀಳದು ನನಗೇ, ಯಾಕಂದ್ರೆ ನಾನೂ ಒಂಬತ್ತು ತಿಂಗ್ಳು ಅದನ್ನ ಆಡಿವ್ನಿ.

ಮೊನ್ನೆ ಮಾಲಯ ಅಮಾಸೆಗೆ ಮನೇಲಿ ಹಿರೀಕರಿಗೆ ಎಡೆ ಇಕ್ಕಿದ್ವಿ. ಕಳಸ ಮಡಗಿ, ಹೊಸ ಸೀರೆ ಪಂಚೆ ಇಟ್ಟು, ಕಜ್ಜಾಯ, ಎಲೆ ಅಡ್ಕೆ, ಅವ್ರವ್ರಿಗೆ ಇಷ್ಟವಾದ ತಿಂಡಿ ಎಲ್ಲ ಬಡಿಸಿದ್ದಾಯ್ತು. ಮಾವನ ಪಟ ಚೆಂದಾಗದೆ. ಪೇಟ ಕಟ್ಕಂಡು, ಸ್ಟುಡಿಯೋದಲ್ಲಿ ಕುರ್ಚಿ ಮ್ಯಾಲೆ ಕೂತು ತೆಗೆಸ್ಕಂಡಿದ್ದು. ಅತ್ತೇದು ಅಂತ ಪಕ್ಕದಲ್ಲಿ ಇಟ್ಟಿರೋದು ಆಧಾರ್ ಕಾರ್ಡಿನ ಪಟ. ಸಾಲಲ್ಲಿ ನಿಂತು ನಿಂತು ಸೋತಿದ್ದ ಮಕ. ಅದನ್ನೇ ದೊಡ್ಡದು ಮಾಡ್ಸಿ, ಹಿಂದ್ಗಡೆ ನೀಲಿ ಬಣ್ಣ ಹಾಕ್ಸಿ, ಕಟ್ಟು ಹಾಕ್ಸಿದ್ವಿ. ಅತ್ತೆ ನಕ್ರೆ ಎಡಗೆನ್ನೇಲಿ ಒಂದು ಗುಳಿ ಬೀಳದು, ನಿಮ್ಗೆಲ್ಲ ಗೊತ್ತಲ್ಲ. ಆ ಪಟದಲ್ಲಿ ಅದಿಲ್ಲ. ನಾದಿನಿ ಎಡೆ ಮುಂದೆ ಕೈ ಮುಗಿದು ಎದ್ದೋಳು, ಪಟಾನೇ ನೋಡ್ತಾ ನಿಂತು, "ಅವ್ವ ಹಿಂಗಿರ್ಲಿಲ್ಲ ಅತ್ಗೆ. ಕ್ಯಾಮೆರಾ ಇರೋ ಮನೇಲಿ ಹಿಂಗಾ?" ಅಂದ್ಲು. ಬೈದಿದ್ರೆ ತಡ್ಕಬೋದಿತ್ತು. ಅವಳು ಬೈಲಿಲ್ಲ, ಸುಮ್ಕೆ ಕೇಳಿದ್ಲು.

ಅದೇ ಮಾತು ತಲೇಲಿ ಕೊರೀತಾ ಅದೆ. ಅದಕ್ಕೇ ಬರೀತಿವ್ನಿ.

ವಿಷ್ಯ ಗೊತ್ತಿಲ್ದೋರಿಗೆ ಮೊದ್ಲು ವಸಿ ಹೇಳ್ತೀನಿ. ವರ್ಷಕ್ಕೆ 52 ವಾರ. ಸೋಮವಾರ ಒಂದು ವಿಷ್ಯ ಬತ್ತದೆ. ಈ ವಾರ "ಕೆಂಪು", ಮುಂದಿನ ವಾರ "ನೆರಳು", ಆಮೇಲೆ "ಬಾಗಿಲು", "ಪ್ರತಿಬಿಂಬ", "ಕೈಗಳು". ಭಾನ್ವಾರ ರಾತ್ರಿ ಒಳಗೆ ಅದಕ್ಕೆ ಒಪ್ಪೋ ಒಂದೇ ಒಂದು ಫೋಟೋ ತೆಗೆದು ಹಾಕ್ಬೇಕು. ಹಾಕಿದ್ಮೇಲೆ ಎಷ್ಟು ಜನ ಮೆಚ್ಚಿದ್ರು ಅಂತ ಲೆಕ್ಕ. ದಿನಕ್ಕೊಂದು ತೆಗೆಯೋರಿಗೆ 365ರ ಪಂದ್ಯವೇ ಬೇರೆ ಅದೆ. ಇದು ಫೋನ್ ಬಂದ್ಮೇಲೆ ಹುಟ್ಟಿದ್ದಲ್ಲ ಕನ್ರವ್ವ. ಬೆಂಗ್ಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಅನ್ನೋ ಹವ್ಯಾಸಿಗಳ ಸಂಘ ಸುರುವಾಗಿದ್ದು 1971ರಲ್ಲಿ. ಅಂಥ ಕ್ಯಾಮೆರಾ ಸಂಘಗಳಲ್ಲಿ ವಿಷ್ಯ ಕೊಟ್ಟು ಸ್ಪರ್ಧೆ ಮಾಡೋದು ರೀಲಿನ ಕಾಲದಿಂದ ಇರೋ ಪದ್ಧತಿ. ಆಗ ಒಂದು ರೀಲಿಗೆ 36 ಫೋಟೋ, ತೊಳಸಕ್ಕೆ ಬೇರೆ ದುಡ್ಡು. ಅದಕ್ಕೇ ಯೋಚ್ನೆ ಮಾಡಿ ಒತ್ತೋರು. ಆಮೇಲೆ ಇನ್‌ಸ್ಟಾಗ್ರಾಮ್‌ನೋರೂ ವಾರದ ಕೊನೆಗೆ ಒಂದು ವಿಷ್ಯ ಅಂತ ಕೊಟ್ಟು ಜಗತ್ತಿನ ಜನಕ್ಕೆಲ್ಲ ಈ ರುಚಿ ಹತ್ತಿಸಿದ್ರು.

ಇದರಲ್ಲಿ ಒಳ್ಳೇದೇನೂ ಇಲ್ಲ ಅಂದ್ರೆ ಸುಳ್ಳಾಯ್ತದೆ. ಮಗ ತನ್ನ ಹಳೇ ಕ್ಯಾಮೆರಾ ಕೊಟ್ಟಾಗ ನನಗೆ ಒತ್ತದು ಒಂದು ಬಿಟ್ರೆ ಏನೂ ಗೊತ್ತಿರ್ಲಿಲ್ಲ. "ನೆರಳು" ಅಂತ ಬಂದ ವಾರ ಮೊದಲ್ನೇ ಸಲ ನಮ್ಮನೆ ಹಜಾರಕ್ಕೆ ಬಿಸಿಲು ಎಲ್ಲಿಂದ ಬತ್ತದೆ, ಎಷ್ಟೊತ್ತಿಗೆ ಒರಳುಕಲ್ಲಿನ ತಾವ ಬತ್ತದೆ ಅಂತ ನೋಡ್ದೆ. ಮದ್ವೆ ಆಗಿ ಬಂದು ಇಪ್ಪತ್ತಾರು ವರ್ಷ ಆಗದೆ, ಅಲ್ಲೀಗಂಟ ನೋಡಿರ್ಲಿಲ್ಲ. "ಆವಿ" ಅಂತ ಬಂದ ವಾರ ಮುದ್ದೆ ಕೋಲಾಡ್ಸೋವಾಗ ಮೇಲೇಳೋ ಆವಿ ಫೋಟೋಗೆ ಬೀಳ್ಬೇಕಂದ್ರೆ ಬೆಳಕು ಆವಿ ಹಿಂದ್ಗಡೆಯಿಂದ ಬರ್ಬೇಕು, ಆಚೆಗೆ ಕಪ್ಪು ಗೋಡೆ ಇರ್ಬೇಕು ಅಂತ ಕಲ್ತೆ. ಶಟರ್ ವೇಗ ಜಾಸ್ತಿ ಮಾಡಿದ್ರೆ ಜರಡೀಲಿ ಉದುರೋ ಹಿಟ್ಟು ಗಾಳೀಲಿ ನಿಲ್ತದೆ, ಕಮ್ಮಿ ಮಾಡಿದ್ರೆ ನಲ್ಲಿ ನೀರು ರೇಷ್ಮೆ ದಾರದಂಗೆ ಕಾಣ್ತದೆ. ಇವೆಲ್ಲ ಆ ವಾರದ ವಿಷ್ಯ ಕೊಟ್ಟ ವಿದ್ಯೆ. ಸೋಮವಾರದ ಒಪ್ಪತ್ತು ಹೆಂಗೆ ನಾಲಿಗೆನ ಹದ್ದುಬಸ್ತಲ್ಲಿ ಇಡ್ತದೋ ಹಂಗೆ ಇದು ಕಣ್ಣಿಗೊಂದು ನೇಮ. ನೇಮ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಆ ನೇಮ ಯಾರ ಕೈಲದೆ ಅನ್ನದು ನನ್ನ ಜಗಳ.

ಈಗ ಅತ್ತೆ ವಿಷ್ಯಕ್ಕೆ ಬತ್ತೀನಿ. ಸಂಕ್ರಾಂತಿ ಕಳೆದ ಎರಡ್ನೇ ಭಾನ್ವಾರ. ನಂದು 33ನೇ ವಾರ. ವಿಷ್ಯ "ಕೈಗಳು". ಅತ್ತೆ ಜಗುಲಿ ಮ್ಯಾಲೆ ಕೂತು ನೆನೆಸಿದ ಅವರೆಕಾಳು ಹಿತುಕ್ತಿದ್ರು. ಆ ಬೆರಳು ನೋಡಿ ನನಗೆ ಆಸೆ ಆಗೋಯ್ತು. ಎಪ್ಪತ್ತು ವರ್ಷ ನಾಟಿ ಹಾಕಿ, ಕಳೆ ಕಿತ್ತು, ಸಗಣಿ ತಟ್ಟಿ, ನಾಲ್ಕು ಮಕ್ಕಳ ಎತ್ತಾಡ್ಸಿದ ಕೈ. "ಅತ್ತೆ, ಫೋಟೋ ತೆಗಿತೀನಿ" ಅಂದೆ. ಅಂದಿದ್ದೇ ತಡ, "ವಸಿ ತಡಿ ಕನವ್ವ" ಅಂತ ಎದ್ದು ಒಳಿಕ್ಕೋದ್ರು. ಮಕ ತೊಳ್ಕಂಡು, ತಲೆಗೆ ಎಣ್ಣೆ ಹಚ್ಚಿ ಬಾಚ್ಕಂಡು, ಟ್ರಂಕಲ್ಲಿದ್ದ ಹಸಿರು ಅಂಚಿನ ಸೀರೆ ಉಟ್ಕಂಡು ಬಂದು ಕೂತ್ರು. ನಾನು ಏನ್ ಮಾಡ್ದೆ ಗೊತ್ತಾ? "ಸೀರೆ ಯಾಕೆ ಬದಲಾಯಿಸಿದ್ರಿ, ಹಳೇದೇ ಚೆಂದಾಗಿತ್ತು" ಅಂದೆ. ಬಗ್ಗಿ, ಹತ್ರಕ್ಕೆ ಹೋಗಿ, ಬರೀ ಬೆರಳು, ಕಾಳು, ತಟ್ಟೆ ಇಷ್ಟನ್ನೇ ತೆಗೆದೆ. ಒಂದಲ್ಲ, ನಲವತ್ತು ಫೋಟೋ. ತೋರ್ಸು ಅಂದ್ರು, ತೋರ್ಸಿದೆ. ಒಂದು ಗಳಿಗೆ ನೋಡಿ, "ಮಕ ಬರ್ಲಿಲ್ವಾ?" ಅಂದ್ರು.

"ಈ ವಾರ ಬರೀ ಕೈ ಅತ್ತೆ. ಮಕಾನ ಮುಂದಿನ ವಾರ ತಗಿತೀನಿ" ಅಂದೆ.

ಮುಂದಿನ ವಾರದ ವಿಷ್ಯ "ಪ್ರತಿಬಿಂಬ". ಕೆರೆ ತಾವ ಓಡಿದೆ. ಅದರ ಮುಂದಿನ ವಾರ "ಗೆರೆಗಳು". ರೈಲ್ವೆ ಹಳಿ ಹುಡುಕ್ಕಂಡು ಹೋದೆ. ಆಮೇಲೆ "ಹಳದಿ", ಆಮೇಲೆ "ಒಂಟಿ ಮರ". ಹಿಂಗೇ ಎಂಟು ವಾರ. ಅಷ್ಟೂ ವಾರ ಅತ್ತೆ ಅದೇ ಜಗುಲಿ ಮ್ಯಾಲೆ ಕೂತಿದ್ರು. ಯುಗಾದಿಗೆ ಇನ್ನು ಎಂಟು ದಿನ ಅದೆ ಅನ್ನೋವಾಗ ಒಂದು ಬೆಳಗ್ಗೆ ಏಳ್ಲೇ ಇಲ್ಲ. ಪಟ ಮಾಡ್ಸಕ್ಕೆ ಫೋಟೋ ಕೊಡಿ ಅಂದಾಗ ಕ್ಯಾಮೆರಾದಲ್ಲಿ ನಾಲ್ಕು ಸಾವಿರದ ಮ್ಯಾಲೆ ಫೋಟೋ ಇತ್ತು. ಕರೆಂಟ್ ತಂತಿ ಮ್ಯಾಲೆ ಕೂತಿದ್ದ ಮೈನಾ ಹಕ್ಕೀದು ಅರವತ್ತು. ಅತ್ತೆ ಮಕ ಒಂದೂ ಇಲ್ಲ.

ಆ "ಕೈಗಳು" ಫೋಟೋಗೆ ಮುನ್ನೂರು ಚಿಲ್ರೆ ಜನ ಮೆಚ್ಚುಗೆ ಒತ್ತಿದ್ರು. ಯಾರೋ ಗುರುತಿಲ್ದೋರು "ಎಂಥಾ ಬದುಕು ಕಂಡ ಕೈ" ಅಂತ ಬರ್ದಿದ್ರು. ಆ ಬದುಕಿಗೆ ಒಂದು ಮಕ ಇತ್ತು, ಹೆಸರಿತ್ತು, ಆ ಮಕ ನನ್ನ ಮುಂದೆ ಎಣ್ಣೆ ಹಚ್ಚಿ ಬಾಚ್ಕಂಡು ಬಂದು ಕೂತಿತ್ತು. ನಾನೇ ಅದನ್ನ ಚೌಕಟ್ಟಿನಿಂದ ಆಚೆ ಇಟ್ಟೆ. 41ನೇ ವಾರಕ್ಕೆ ಆಟ ನಿಲ್ಸಿದೆ.

"ಅದು ನಿನ್ನ ತಪ್ಪು, ಚಾಲೆಂಜ್ ಏನ್ ಮಾಡ್ತು?" ಅಂತ ನನ್ನ ಮೈದ್ನ ಕೇಳ್ದ. ತಪ್ಪು ನಂದೇ, ಒಪ್ಕಂಡಿವ್ನಿ. ಆದ್ರೆ ಒಂದು ಕೇಳ್ತೀನಿ. ವಿಷ್ಯ ಬರಾಕೆ ಮುಂಚೆ ನಾನು ಮನೇಲಿರೋರ ಮಕ ನೋಡಿ ಫೋನಲ್ಲಿ ಒಂದು ಒತ್ತೋಳು. ವಿಷ್ಯ ಬಂದ್ಮೇಲೆ ಕಣ್ಣು ತುಂಬ ಬರೀ ವಿಷ್ಯವೇ. ಅತ್ತೆ ಕಾಣ್ಲಿಲ್ಲ, ಅತ್ತೆ ಕೈ ಕಾಣ್ತು. ಮಗು ಕಾಣ್ಲಿಲ್ಲ, ಮಗು ಹಾಕಿದ್ದ ಕೆಂಪು ಅಂಗಿ ಕಾಣ್ತು. ಇದು ನನಗೊಬ್ಬಳಿಗೇ ಬಂದ ಕಾಯ್ಲೆ ಆಗಿದ್ರೆ ಸುಮ್ಕಿರ್ತಿದ್ದೆ.

ನಮ್ಮ ತಾಲ್ಲೂಕಿನ ಕೊಕ್ಕರೆಬೆಳ್ಳೂರೇ ತಕಳಿ. ಬೆಂಗ್ಳೂರು ಮೈಸೂರು ಹಳೇ ರಸ್ತೇಲಿ ರುದ್ರಾಕ್ಷಿಪುರದತ್ರ ತಿರುಗುದ್ರೆ ಸುಮಾರು 12 ಕಿಲೋಮೀಟ್ರು, ಶಿಂಷಾ ಹೊಳೆ ಕಡೆಗೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಚಳಿಗಾಲದಲ್ಲಿ ಬಂದು, ಊರೊಳಗಿನ ಹುಣಸೆ ಮರ, ಅರಳಿ ಮರದ ಮ್ಯಾಲೆ ಗೂಡು ಕಟ್ಟಿ, ಮರಿ ಮಾಡಿ, ಮುಂಗಾರು ಹಿಡಿಯೋ ಹೊತ್ಗೆ ಹೊಯ್ತವೆ. ಕಾಡಲ್ಲಲ್ಲ ಕನ್ರವ್ವ, ಮನೆ ಹಿತ್ಲಲ್ಲಿ, ಹಟ್ಟಿ ಮುಂದೆ. ಆ ಊರಿನೋರು ಆ ಹಕ್ಕಿಗಳ್ನ ಬಾಣಂತನಕ್ಕೆ ತವರಿಗೆ ಬಂದ ಹೆಣ್ಮಕ್ಳು ಅಂತರೆ. ಹಕ್ಕಿ ಇದ್ದಾಗ ಹುಣಸೆಹಣ್ಣು ಬಡಿಯಕ್ಕೆ ಹೋಗಕಿಲ್ಲ. ಕೆಳಗೆ ಬಿದ್ದ ಹಿಕ್ಕೇನ ಗುಂಡಿ ತೋಡಿ ಶೇಖರಿಸಿ ಹೊಲಕ್ಕೆ ಗೊಬ್ಬರ ಮಾಡ್ಕತರೆ. ಗೂಡಿಂದ ಬಿದ್ದ ಮರಿ ಸಾಕಕ್ಕೆ ಊರಿನ ಹುಡುಗ್ರೇ ಹೆಜ್ಜಾರ್ಲೆ ಬಳಗ ಅಂತ ಕಟ್ಕಂಡವ್ರೆ. 2007ರಲ್ಲಿ ಸರ್ಕಾರ ಅದನ್ನ ಸಮುದಾಯ ಮೀಸಲು ಪ್ರದೇಶ ಅಂತ ಘೋಷಣೆ ಮಾಡ್ತು. ಸಮುದಾಯ ಅಂದ್ರೆ ಯಾರು? ಆ ಊರಿನ ಜನ.

ಈಗ "ಹಕ್ಕಿಗಳು" ಅಂತ ವಾರದ ವಿಷ್ಯ ಬಂದಾಗ ಅಲ್ಲಿಗೆ ಬರೋ ಕಾರುಗಳ್ನ ನೋಡಿ. ಮಾರುದ್ದದ ಲೆನ್ಸು. ಚೌಕಟ್ಟಲ್ಲಿ ಹೆಂಚು ಬಂದ್ರೆ ಆಗ್ದು, ತಂತಿ ಬಂದ್ರೆ ಆಗ್ದು, ಬಟ್ಟೆ ಒಣಗಾಕೋ ಹೆಂಗಸು ಬಂದ್ರಂತೂ ಮೊದ್ಲೇ ಆಗ್ದು. ನಾನು ಹೋದಾಗ ಒಬ್ಬ, ಮರದ ಬುಡದಲ್ಲಿ ಹಿಕ್ಕೆ ಗುಡಿಸ್ತಿದ್ದ ಅಮ್ಮನಿಗೆ, "ಅಜ್ಜಿ, ಒಂದು ಐದು ನಿಮಿಷ ಪಕ್ಕಕ್ಕೆ ಹೋಗಿ" ಅಂದ. ಅವ್ರ ಮನೆ ಅಂಗಳದಿಂದ ಅವ್ರನ್ನೇ! ಆ ಅಮ್ಮ ಪರಕೆ ಹಿಡ್ಕಂಡು ಹೋಗಿ ಗೋಡೆ ಮರೆಗೆ ನಿಂತ್ರು. ಫೋಟೋ ನೋಡೋರಿಗೆ ಅದು ಯಾವ್ದೋ ಕಾಡಿನ ಮರ ಅನ್ಕಬೇಕು, ಹಂಗೆ ಬಂತು.

ಇದರಲ್ಲಿ ಒಂದು ತಮಾಷೆ ಅದೆ. ಸ್ಪರ್ಧೆ ನಿಯಮ ಹಂಗದೆ ಅಂತ ಇವ್ರು ಹೇಳ್ತರೆ. ನಾನು ಓದಿ ನೋಡ್ದೆ. ಫಿಯಾಪ್ ಅನ್ನೋ ಅಂತರರಾಷ್ಟ್ರೀಯ ಒಕ್ಕೂಟ, ಅಮೆರಿಕದ ಪಿಎಸ್‌ಎ, ಇಂಗ್ಲೆಂಡಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಮೂರೂ ಸೇರಿ ಒಪ್ಪಿರೋ ನಿಸರ್ಗ ವಿಭಾಗದ ನಿಯಮದಲ್ಲಿ, ಮನುಷ್ಯನ ಗುರುತು ಇರ್ಕೂಡ್ದು ಅಂತ ಹೇಳಿದ್ಮೇಲೆ, ಅದು ಆ ಕತೆಗೇ ಸೇರಿದ್ದಾದ್ರೆ ಇರ್ಬೋದು ಅಂತನೂ ಹೇಳವ್ರೆ. ಹಿಂದಿನ ನಿಯಮದಲ್ಲಿ ಅದಕ್ಕೆ ಕೊಟ್ಟಿದ್ದ ಉದಾಹರಣೆ ಯಾವ್ದು ಗೊತ್ತಾ? ಮನುಷ್ಯರ ಮಧ್ಯೆ ಬದುಕೋದು ಕಲ್ತಿರೋ ಗೂಬೆ ಮತ್ತೆ ಕೊಕ್ಕರೆ! ನಮ್ಮ ಬೆಳ್ಳೂರಿಗೇ ಬರ್ದಂಗಿತ್ತು. ನಿಯಮ ಬಿಟ್ಟಿರೋ ಬಾಗ್ಲನ್ನ ಇವ್ರೇ ಮುಚ್ಕಂಡವ್ರೆ. ಇನ್ನೊಂದು, ಫೋಟೋಗಿಂತ ಪ್ರಾಣಿ ಪಕ್ಷಿ ಹಿತ ದೊಡ್ಡದು ಅಂತ ಇದೇ ಸಂಘಗಳು ಹೇಳ್ತವೆ. ಗೂಡಿನ ಹತ್ರ ಹೋಗಿ ಗಾಬ್ರಿ ಮಾಡ್ಬಾರ್ದು. ಬಲು ಒಳ್ಳೇ ಮಾತು. ಹಕ್ಕಿಗೆ ಕೊಡೋ ಅಷ್ಟು ಮರ್ಯಾದೇನ ಹಕ್ಕಿ ಸಾಕ್ದ ಹೆಂಗಸಿಗೂ ಕೊಡಿ ಅನ್ನದು ನನ್ನ ಮಾತು.

ನಮ್ಮಣ್ಣನ ಆಲೆಮನೆಗೂ ಬತ್ತರೆ. "ಹೊಗೆ" ಅಂತ ವಿಷ್ಯ, ಇಲ್ಲಾಂದ್ರೆ "ಹಳ್ಳಿ ಬದುಕು". ಕೊಪ್ಪರಿಗೇಲಿ ಕಬ್ಬಿನ ಹಾಲು ಕುದೀತಾ, ಬೆಳಗಿನ ಬಿಸಿಲು ಅಡ್ಡ ಬಿದ್ದಾಗ ಹೊಗೇಲಿ ಬೆಳಕಿನ ಗೆರೆ ಮೂಡ್ತವೆ. ನೋಡಕ್ಕೆ ಬಲು ಚೆಂದ, ಇಲ್ಲ ಅನ್ನಲ್ಲ. ಆದ್ರೆ ಪಾಕ ಹದಕ್ಕೆ ಬರೋ ಹೊತ್ತಲ್ಲಿ "ಅಣ್ಣ, ಇತ್ತ ತಿರುಗಿ, ಇನ್ನೊಂದ್ಸಲ ಸೌಟು ಎತ್ತಿ" ಅಂದ್ರೆ? ಹದ ತಪ್ಪಿದ್ರೆ ಬೆಲ್ಲ ಅಚ್ಚಲ್ಲಿ ನಿಲ್ಲಕಿಲ್ಲ, ಇಡೀ ಕೊಪ್ಪರಿಗೆ ಹಾಳು. ಎರಡು ಗಂಟೆ ಇದ್ದು, ನೂರು ಫೋಟೋ ತೆಗೆದು, ಒಂದು ಅಚ್ಚು ಬೆಲ್ಲ ತಕಳ್ದೆ ಹೋದೋರೂ ಅವ್ರೆ. ತೆಗೆದ ಫೋಟೋ ಕಳ್ಸಿ ಅಂತ ಅತ್ಗೆ ನಂಬರ್ ಕೊಟ್ಟಿದ್ಲು. ಬಂದಿದ್ದು ಒಂದೂ ಇಲ್ಲ. ತಪ್ಪು ತಿಳ್ಕಬ್ಯಾಡಿ, ಎಲ್ರೂ ಹಂಗಲ್ಲ. ಒಬ್ಬ ಹುಡುಗಿ ಮಾತ್ರ ಹದಿನೈದು ದಿನದ ಮ್ಯಾಲೆ ಮತ್ತೆ ಬಂದು, ಪ್ರಿಂಟ್ ಹಾಕ್ಸಿದ ಫೋಟೋ ಕೊಟ್ಟು ಹೋದ್ಲು. ಅದು ಇವತ್ತೂ ಅವ್ರ ದೇವ್ರ ಗೂಡಿನ ಪಕ್ಕ ಅದೆ. ಆ ಹುಡುಗೀನೂ ವಾರದ ವಿಷ್ಯಕ್ಕೇ ಬಂದಿದ್ಲು. ಆದ್ರೆ ವಾರ ಮುಗಿದ್ಮೇಲೂ ಬಂದ್ಲು.

ಇನ್ನು ಆ ವಿಷ್ಯದ ಪಟ್ಟಿ ಬರೋದು ಎಲ್ಲಿಂದ? ಎಲ್ಲೋ ಚಳಿ ದೇಶದಲ್ಲಿ ಕೂತೋರು ಮಾಡಿದ್ದು. ಅಕ್ಟೋಬರ್ ಬಂದ್ರೆ "ಉದುರೋ ಕೆಂಪು ಎಲೆ". ನಮ್ಮಲ್ಲಿ ಆಗ ಭತ್ತ ಹೊಡೆ ತುಂಬಿ ನಿಂತಿರ್ತದೆ, ಗದ್ದೆಲ್ಲ ಹಸಿರು. ಡಿಸೆಂಬರ್ ಅಂದ್ರೆ "ಹಿಮ". ನಮ್ಮಲ್ಲಿ ಆಗ ಅವರೆಕಾಯಿ ಸೊಗಡು. ಒಂದು ವಾರ "ಮಿನಿಮಲಿಸಂ" ಅಂತ ಬಂತು. ಹಂಗಂದ್ರೆ ಚೌಕಟ್ಟು ಖಾಲಿ ಖಾಲಿ ಇರ್ಬೇಕಂತೆ. ನಮ್ಮ ಅಡುಗೆಮನೇಲಿ ಖಾಲಿ ಜಾಗ ಅಂತ ಎಲ್ಲದೆ ಹೇಳಿ? ಡಬ್ಬ ಎಲ್ಲ ಇಳ್ಸಿ, ಬಿಳೀ ಪಂಚೆ ಹಾಸಿ, ಒಂದೇ ಒಂದು ಈರುಳ್ಳಿ ಮಡಗಿ ತೆಗೀತಿದ್ದೆ. ನಮ್ಮನೆಯೋರು ಬಂದು, "ಈರುಳ್ಳಿಗೆ ದೃಷ್ಟಿ ತೆಗಿತಿದ್ದೀಯಾ?" ಅಂದ್ರು. ಅವತ್ತು ನಗು ಬಂತು. ಈಗ ಯೋಚ್ನೆ ಮಾಡಿದ್ರೆ, ಅಷ್ಟೂ ಡಬ್ಬದ ಮ್ಯಾಲೆ ಅತ್ತೆ ಸುಣ್ಣದಲ್ಲಿ ಹಾಕಿದ್ದ ಗುರುತಿತ್ತು. ಓದು ಬರ ಬರ್ದೋರು, ರಾಗಿ ಹಿಟ್ಟಿಗೊಂದು ಗೆರೆ, ಕಡ್ಲೆ ಹಿಟ್ಟಿಗೆ ಎರಡು ಗೆರೆ. ಫೋಟೋ ತೆಗಿಬೇಕಾಗಿದ್ದು ಅದನ್ನ. ನಾನು ಅವನ್ನೇ ಪಕ್ಕಕ್ಕಿಟ್ಟು ಈರುಳ್ಳಿ ತೆಗೆದೆ.

ವಾರ ಅನ್ನೋ ಲೆಕ್ಕವೂ ಸರಿ ಇಲ್ಲ. ನಮ್ಮ ಮೈಸೂರಿನ ಕೃಪಾಕರ ಸೇನಾನಿ ಕಾಡುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದೋರು. ಬೆಂಗ್ಳೂರಿನ ಟಿ.ಎನ್.ಎ. ಪೆರುಮಾಳ್ ಹಕ್ಕಿ ಫೋಟೋಗೆ ಮರೆ ಕಟ್ಕಂಡು ಗಂಟೆಗಟ್ಟಲೆ ಕಾಯ್ತಿದ್ರು. ಅವ್ರಿಗೆ ಯಾರೂ ಸೋಮವಾರ ವಿಷ್ಯ ಕೊಟ್ಟು ಭಾನ್ವಾರ ಕೇಳ್ತಿರ್ಲಿಲ್ಲ. ಒಂದನ್ನೇ ನೋಡಿ ನೋಡಿ ಪಳಗಿದ ಕಣ್ಣು ಅದು. ನಾವು ಹೆಂಗಸ್ರು ಒಂದೇ ಮನೇನ ಮೂವತ್ತು ವರ್ಷ ನೋಡಿರ್ತೀವಿ. ಅದಕ್ಕಿಂತ ದೊಡ್ಡ ತಪಸ್ಸು ಯಾವ್ದದೆ? ಆ ಕಣ್ಣನ್ನ ಬಿಟ್ಟು, ವಾರಕ್ಕೊಂದ್ಸಲ ಹಳಿ ಹುಡುಕ್ಕಂಡು ಓಡ್ಬೇಕಾ?

ಇಷ್ಟು ಓದಿ ಕೆಲವರು ಖುಷಿ ಪಟ್ಟಿರ್ತೀರ. "ನಾವು ಮೊದ್ಲೇ ಹೇಳಿರ್ಲಿಲ್ವಾ, ಹೆಂಗಸಿಗ್ಯಾಕೆ ಕ್ಯಾಮೆರಾ, ಕ್ಯಾಮೆ ಇಲ್ದೋರ ಚಟ" ಅಂತ. ನಿಮ್ಮ ಕಡೆಗೂ ತಿರುಗ್ತೀನಿ, ತಡೀರಿ. ನಾನು ಆಟದ ನಿಯಮ ಸರಿಯಿಲ್ಲ ಅಂದೆ, ಕ್ಯಾಮೆರಾ ಕೆಳಗಿಡ್ರಿ ಅನ್ಲಿಲ್ಲ. ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಅಂತ ಒಬ್ಬಾಕೆ, 1815ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿದೋಳು, ಇಂಗ್ಲೆಂಡಲ್ಲಿ ಸಂಸಾರ. 1863ರಲ್ಲಿ ಮಗಳು ಅಳಿಯ ಒಂದು ಕ್ಯಾಮೆರಾ ಕೊಡೋವಾಗ ಆಕೆಗೆ 48 ವರ್ಷ. ನನಗಿಂತ ಎರಡೇ ವರ್ಷ ದೊಡ್ಡೋಳು. ಸ್ಟುಡಿಯೋ ಎಲ್ಲಿ ಮಾಡ್ಕಂಡ್ಲು ಅನ್ಕಂಡ್ರಿ? ಕೋಳಿಮನೇಲಿ. ಫೋಟೋ ತೊಳಿಯೋ ಕತ್ತಲ ಕೋಣೆ ಇದ್ದಲು ಕೋಣೆ. ತೆಗೆದಿದ್ದು ಯಾರ್ದು? ಮನೆ ಕೆಲ್ಸದ ಹುಡುಗಿ, ಅಕ್ಕತಂಗೀರ ಮಕ್ಕಳು, ಬಂದೋರು ಹೋದೋರು. ಮಕ, ಬರೀ ಮಕ, ಹತ್ರದಿಂದ. ಮಸುಕಾಗದೆ ಅಂತ ಅವತ್ತಿನ ಪಂಡಿತ್ರು ನಕ್ಕಿದ್ರು. ಇವತ್ತು ಆ ಮಕಗಳು ದೊಡ್ಡ ದೊಡ್ಡ ಮ್ಯೂಸಿಯಂ ಗೋಡೆ ಮ್ಯಾಲೆ ಅವೆ.

ನಮ್ಮ ದೇಶದಲ್ಲೂ ನೋಡಿ. ಹೋಮಾಯ್ ವ್ಯಾರವಾಲಾ, 1913ರಲ್ಲಿ ಹುಟ್ಟಿದೋರು, ನಮ್ಮ ದೇಶದ ಮೊದಲ್ನೇ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಸೀರೆ ಉಟ್ಕಂಡು, ಭಾರದ ಕ್ಯಾಮೆರಾ ಹೊತ್ಕಂಡು ಸ್ವಾತಂತ್ರ್ಯ ಬಂದ ಕಾಲದ ದೆಹಲಿನ ತೆಗೆದೋರು. ಮೊದಮೊದ್ಲು ಅವ್ರ ಫೋಟೋ ಅಚ್ಚಾಗ್ತಿದ್ದು ಗಂಡನ ಹೆಸರಲ್ಲಿ. 2011ರಲ್ಲಿ ಪದ್ಮವಿಭೂಷಣ ಬಂದಾಗ ಅವ್ರಿಗೆ 97 ವರ್ಷ. ತೆಗೆದೋಳ ಹೆಸರು ಮುಚ್ಚೋದು, ತೆಗೆಸ್ಕಂಡೋಳ ಮಕ ಮುಚ್ಚೋದು, ಎರಡೂ ಒಂದೇ ಜಾತಿ ಕೆಲ್ಸ.

ನಿಮ್ಮ ಮನೆ ಮದ್ವೆ ಆಲ್ಬಂ ತೆಗೆದು ನೋಡಿ. ಅಡುಗೆಮನೇಲಿ ಇದ್ದೋರು ಎಷ್ಟು ಜನ ಅದರಲ್ಲವ್ರೆ? ಧಾರೆ ಹೊತ್ತಲ್ಲಿ ಪಾಯಸ ತಿರುವ್ತಿದ್ದ ದೊಡ್ಡವ್ವ ಅದರಲ್ಲಿಲ್ಲ. ಗ್ರೂಪ್ ಫೋಟೋಗೆ ಕರ್ದಾಗ "ಕೈ ಹಿಟ್ಟಾಗದೆ ಹೋಗ್ರೋ" ಅಂದಿದ್ಲು, ಯಾರೂ ಎರಡ್ನೇ ಸಲ ಕರೀಲಿಲ್ಲ. ಫೋಟೋ ಇಲ್ದಿದ್ರೂ ನೆನಪಿರ್ತದೆ ಅಂತೀರಿ. ನಮಗಿರ್ತದೆ. ಮೊಮ್ಮಕ್ಕಳಿಗೆ?

ನಾದಿನಿ ಒಂದು ಮಾತು ಹೇಳಿದ್ಲು, ಅದು ನ್ಯಾಯವಾದ ಮಾತು. "ವಿಷ್ಯ ಅಂತ ಒಂದಿಲ್ದಿದ್ರೆ ಕೈಯೇ ಹೋಗಕಿಲ್ಲ ಅತ್ಗೆ. ನಾಳೆ ತೆಗಿಯಾನ ಅಂತ ವರ್ಷ ಕಳೆದೋಯ್ತದೆ." ದಿಟ. ಅದಕ್ಕೇ ನಾನು ಹೇಳದು, ವಾರ ಇರ್ಲಿ, ವಿಷ್ಯ ಇರ್ಲಿ, ಆದ್ರೆ ವಿಷ್ಯಾನ ನಾವೇ ಕೊಟ್ಕಳಾನ. ನಮ್ಮ ಪಂಚಾಂಗದ ಪ್ರಕಾರ. ಸಂಕ್ರಾಂತೀಲಿ ದನ ಕಿಚ್ಚು ಹಾಯ್ಸೋದು. ನಾಲೆ ನೀರು ಬಿಟ್ಟ ವಾರ ನಾಟಿ ಹಾಕೋರು, ಅವ್ರ ಹೆಸರು ಸಮೇತ. ಗೌರಿ ಹಬ್ಬಕ್ಕೆ ಬಾಗಿನ ಹಿಡ್ದ ಅತ್ತೆ ಸೊಸೆ. ಮದ್ದೂರು ಎಳನೀರು ಮಾರುಕಟ್ಟೇಲಿ ಲೋಡ್ ಮಾಡೋ ಅಣ್ಣಂದ್ರು, ಕೇಳಿ ಒಪ್ಕಂಡ್ಮೇಲೆ. ಡಬ್ಬದ ಮ್ಯಾಲಿನ ಗೆರೆ. ಅವ್ವನ ಕೊಯ್ಲು ಕುಡ್ಲು. ಅತ್ತೆ ಟ್ರಂಕು. 52 ಅಲ್ಲ, 500 ಸಿಕ್ತವೆ.

ಕಟ್ಟುಪಾಡು ನಾಲ್ಕೇ ಇರ್ಲಿ.

ಒಂದು, ಕೇಳಿ ತೆಗಿಬೇಕು. ಸುಮ್ಕೆ ಒತ್ತೋದಲ್ಲ. ಅವ್ರು ಸೀರೆ ಬದಲಾಯಿಸ್ಬೇಕು ಅಂದ್ರೆ ಕಾಯ್ಬೇಕು. ಬೇಡ ಅಂದ್ರೆ ಬೇಡ.

ಎರಡು, ಮೊದಲ್ನೇ ವಾರದ ವಿಷ್ಯ ಎಲ್ರ ಮನೇಲೂ ಒಂದೇ: ಮನೇಲಿರೋ ಎಲ್ರಿಗಿಂತ ದೊಡ್ಡೋರ ಮಕ. ಕೈ ಅಲ್ಲ, ಸುಕ್ಕು ಅಲ್ಲ, ಮಕ. ದೊಡ್ಡ ಕ್ಯಾಮೆರಾ ಬ್ಯಾಡ, ಫೋನ್ ಸಾಕು. ಫೋನಿನ ಗಾಜಿಗೆ ಎಣ್ಣೆ ಕೈ ತಾಕಿರ್ತದೆ, ಮೊದ್ಲು ಸೆರಗಿನ ತುದೀಲಿ ಒರೆಸಿ. ನೆತ್ತಿ ಮ್ಯಾಲಿನ ಮಧ್ಯಾಹ್ನದ ಬಿಸಿಲಲ್ಲಿ ಕಣ್ಣು ಗುಳಿ ಬೀಳ್ತವೆ, ಆಗ ತೆಗಿಬ್ಯಾಡಿ. ಬೆಳಗ್ಗೆ ಎಂಟು ಒಂಬತ್ತಕ್ಕೆ ಹೊಸಿಲ ಒಳಗಡೆ, ಇಲ್ಲ ಕಿಟಕಿ ಪಕ್ಕ, ನೆರಳಲ್ಲಿ ಕೂರ್ಸಿ. ಬೆಳಕು ಒಂದು ಪಕ್ಕದಿಂದ ಬರ್ಲಿ. ಫ್ಲಾಶ್ ಆರ್ಸಿ. ನೀವೂ ಬಗ್ಗಿ, ಫೋನು ಅವ್ರ ಕಣ್ಣಿನ ಮಟ್ಟಕ್ಕೆ ಬರ್ಲಿ. ತೀರಾ ಮೂತಿ ಹತ್ರ ಹಿಡಿದ್ರೆ ಮೂಗು ದೊಡ್ಡದಾಯ್ತದೆ, ನಾಲ್ಕು ಹೆಜ್ಜೆ ಹಿಂದಕ್ಕೆ ನಿಲ್ಲಿ. ಪರದೆ ಮ್ಯಾಲೆ ಅವ್ರ ಮಕ ಮುಟ್ಟಿದ್ರೆ ಬೆಳಕು ಅಲ್ಲಿಗೆ ಸರಿ ಆಯ್ತದೆ. "ನಗಿ" ಅನ್ಬ್ಯಾಡಿ. ತವರು ಊರಿನ ವಿಷ್ಯ ಕೇಳಿ, ನಗು ತಾನಾಗೇ ಬತ್ತದೆ.

ಮೂರು, ಮೆಚ್ಚುಗೆ ಲೆಕ್ಕ ಇಲ್ಲ, ಮೊದಲ್ನೇದು ಎರಡ್ನೇದು ಇಲ್ಲ. "ಬಹುಮಾನ ಇಲ್ದಿದ್ರೆ ಯಾರು ಮಾಡ್ತರೆ?" ಅಂತ ಕೇಳ್ಬೋದು. ದಿನಾ ಬೆಳಗ್ಗೆ ಬಾಗ್ಲಿಗೆ ರಂಗೋಲಿ ಬಿಡ್ತೀರಲ್ಲ, ಅದಕ್ಕೆ ಯಾರು ಬಹುಮಾನ ಕೊಟ್ಟವ್ರೆ?

ನಾಲ್ಕು, ಪ್ರಿಂಟ್ ಹಾಕ್ಸಿ. ಫೋನು ಇವತ್ತಿರ್ತದೆ, ನಾಳೆ ನೀರಿಗೆ ಬೀಳ್ತದೆ. ಫೋಟೋ ಹಿಂದ್ಗಡೆ ಹೆಸರು, ಊರು, ಯಾರ ಮಗಳು, ತಾರೀಖು ಬರೀರಿ. ಒಂದು ಪ್ರತಿ ಫೋಟೋದಲ್ಲಿರೋರಿಗೇ ಕೊಡಿ, ಬದುಕಿರೋವಾಗ್ಲೇ.

ಹೋದ ಭಾನ್ವಾರ ಮಳವಳ್ಳಿಗೆ ಹೋಗಿ ನಮ್ಮವ್ವಂದು ತೆಗೆದೆ. "ಹಲ್ಲಿಲ್ಲ ಕನೆ, ಬ್ಯಾಡ" ಅಂದ್ಲು. ಕೂತು ಮಾತಾಡ್ಸಿದೆ. ನಾನು ಹುಟ್ಟಿದ ವರ್ಷ ಮನೆಗೆ ಬಂದ ಎಮ್ಮೆ ವಿಷ್ಯ ತೆಗೆದ್ಲು, ಹೇಳ್ತಾ ಹೇಳ್ತಾ ಬೊಚ್ಚು ಬಾಯಿ ತುಂಬ ನಕ್ಲು. ಆಗ ಒತ್ತಿದೆ. ಫೋಟೋ ನೋಡಿ ಸುಮಾರು ಹೊತ್ತು ಸುಮ್ಕಿದ್ದೋಳು, "ಇದು ನಮ್ಮವ್ವನಂಗೇ ಅದೆ" ಅಂದ್ಲು. ನಮ್ಮಜ್ಜೀದು ಒಂದು ಪಟವೂ ಇಲ್ಲ, ಆಧಾರ್ ಕಾರ್ಡೂ ಇರ್ಲಿಲ್ಲ. ಮಾಲಯ ಅಮಾಸೆಗೆ ಬರೀ ಕಳಸಕ್ಕೇ ಸೀರೆ ಉಡಿಸ್ತರೆ. ನನಗೆ ಗೊತ್ತೇ ಇಲ್ದ ಅಜ್ಜಿ ಮಕ ಅವತ್ತು ಅವ್ವನ ಮಕದಲ್ಲಿ ನೋಡ್ದೆ.

ಅದನ್ನ ಎಲ್ಲೂ ಹಾಕಿಲ್ಲ, ಇಲ್ಲೂ ಹಾಕಲ್ಲ. ನಿಮ್ಮ ಫೋಟೋನೂ ನನಗೆ ಕಳಿಸ್ಬ್ಯಾಡಿ. ಬರೋ ಭಾನ್ವಾರದ ಒಳಗೆ ನಿಮ್ಮನೆ ಹಿರೀಕರನ್ನ ಕೂರ್ಸಿ ತೆಗೀರಿ. ಮುಂದಿನ ವಾರ ತಗಿತೀನಿ ಅನ್ಬ್ಯಾಡಿ. ನಾನು ಹಂಗಂದು ನೋಡಿವ್ನಿ.